ಕಾರಿನ ಊರು ಯಾವುದು?

ಪೆನುಕೊಂಡೆಯ ಕೋಟೆಯನ್ನು ಬಲ್ಲ ಮಡಕಶಿರ ಸೀಮೆಯ ವಾಚಕರಿಗೆ ಎರ್ರಮಂಚಿ ಗ್ರಾಮದ ಹೆಸರು ಈಗ ಹೊಸದಲ್ಲ. ಬೆಂಗಳೂರಿನಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಮಳೆಗಾಗಿ ಬಾಯಿಬಿಡುವ ಆ ನೆಲಗಡಲೆಯ ಸೀಮೆಯಲ್ಲಿ, ಐನೂರು ಎಕರೆಗೂ ಮಿಕ್ಕಿದ ಜಾಗವನ್ನು ವ್ಯಾಪಿಸಿ ಕೊರಿಯಾ ದೇಶದ ಕಿಯಾ ಕಂಪನಿಯ ಕಾರ್ಖಾನೆ ನಿಂತಿದೆ. ವರ್ಷಕ್ಕೆ 3 ಲಕ್ಷ ಕಾರುಗಳನ್ನು ತಯಾರಿಸುವ ಸಾಮರ್ಥ್ಯದೊಂದಿಗೆ ಕಟ್ಟಲಾದ ಈ ಕಾರ್ಖಾನೆಯಿಂದ 2019ರಲ್ಲಿ ಕಾರುಗಳು ಮಾರುಕಟ್ಟೆಗೆ ಬರತೊಡಗಿದವು. ಹಡಗೇರಿ ಪರದೇಶಗಳಿಗೂ ಹೋದವು. ಈ ಕಾರನ್ನು ಕೊಂಡವರು ಕೊಂಡದ್ದು ಕೊರಿಯಾದ ಕಾರನ್ನೋ, ನೆರೆಯೂರಿನ ಕಾರನ್ನೋ?

ಹಿರಿಯರನ್ನು ಕೇಳಿದರೆ, ಅವರು ಅಂಬಾಸಿಡರನ್ನು ನೆನೆದು ನಿಟ್ಟುಸಿರಿಡುತ್ತಾರೆ. ಅದಲ್ಲವೇ ಅಪ್ಪಟ ಸ್ವದೇಶೀ ಕಾರು! ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ 1950ರ ದಶಕದ ಕೊನೆಗೆ ತಯಾರಿಸತೊಡಗಿದ ಆ ಕಾರು ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಬಿಡಿಭಾಗಗಳು ಕ್ರಮೇಣ ಬಹುಮಟ್ಟಿಗೆ ಇಲ್ಲಿಯವೇ ಆದವು, ಒಡೆತನವಂತೂ ಇಲ್ಲಿಯದೇ. ಆದರೆ ಅರ್ಧ ಶತಮಾನ ಕಳೆದರೂ ಅದರ ಮೈಕಟ್ಟು ಹೆಚ್ಚೇನೂ ಬದಲಾಗಲಿಲ್ಲ. 1990ರ ದಶಕದಲ್ಲಿ ಹೆಚ್ಚು ಬಲದ ಎಂಜಿನ್ ಬೇಕೆನಿಸಿದಾಗ ಜಪಾನಿನ ಇಸುಜು ಕಂಪನಿಯತ್ತ ಕೈಚಾಚಬೇಕಾಯಿತು. 2014ರಲ್ಲಿ ತಯಾರಿಕೆ ನಿಂತಿತು. 2017ರಲ್ಲಿ ‘ಅಂಬಾಸಿಡರ್’ ಎಂಬ ಹೆಸರೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೆಜೊ ಕಂಪನಿಯ ಪಾಲಾಯಿತು.

‘ಕಾರು’ ಎಂಬ ಶಬ್ದವೂ ಹೊರಗಿನದೇ. ಆದರೆ ‘ಕಾರಿಗೆ’, ‘ಕಾರಿನಲ್ಲಿ’ ಎಂದು ವಿಭಕ್ತಿ ಹಚ್ಚಿ ನಾವು ಅದನ್ನು ಎಂದೋ ಮನೆಯದಾಗಿಸಿಕೊಂಡಿದ್ದೇವೆ. ಯಂತ್ರವನ್ನು ಹಾಗೆ ಒಗ್ಗಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ಮಾರುತಿಯ ಕಥೆ ಇದಕ್ಕೆ ತಿರುವುಮುರುವು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗ್ರಾಹಕನ ಕೈಗೆ ಬೀಗದ ಕೈಯನ್ನಿತ್ತಾಗ, ಕಂಪನಿ ಸರ್ಕಾರದ್ದು. ಜಪಾನಿನ ಸುಜುಕಿಗೆ ಇದ್ದದ್ದು ಶೇಕಡಾ 26ರ ಪಾಲು. ಕಾರಾದರೋ ಹೆಚ್ಚಿನಂಶ ಜಪಾನಿನಿಂದ ಬಂದ ಭಾಗಗಳ ಜೋಡಣೆ. ವರ್ಷ ಕಳೆದಂತೆ ಭಾಗಗಳನ್ನು ಇಲ್ಲಿಯೇ ಮಾಡಬೇಕೆಂಬ ಕಟ್ಟಳೆಯಿತ್ತು; ಗುಡಗಾಂವಿನ ಸುತ್ತ ಬಿಡಿಭಾಗಗಳ ಕಾರ್ಖಾನೆಗಳು ಎದ್ದವು, ಹಲವುಗಳಲ್ಲಿ ಮಾರುತಿಯೇ ಪಾಲುದಾರನಾಯಿತು. 1987ರಲ್ಲಿ 500 ಕಾರುಗಳು ಹಂಗೇರಿಗೆ ಹೋದವು. ಇತ್ತ ಕಾರು ಭಾರತದ್ದಾಗುತ್ತ ಬಂದಂತೆ, ಅತ್ತ ಕಂಪನಿ ಜಪಾನಿನದಾಗುತ್ತ ಹೋಯಿತು! 2002ರಲ್ಲಿ ಸುಜುಕಿಯ ಪಾಲು ಅರ್ಧವನ್ನು ಮೀರಿತು, 2007ರಲ್ಲಿ ಸರ್ಕಾರ ಸಂಪೂರ್ಣವಾಗಿ ಹೊರಬಂದಿತು. ಆದರೂ 2016ರ ವಿಟಾರಾ ಬ್ರೆಝಾ ಕಾರನ್ನು ಬಹುಮಟ್ಟಿಗೆ ರೂಪಿಸಿದವರು ಇಲ್ಲಿಯ ಎಂಜಿನಿಯರುಗಳೇ.

ಟಾಟಾ ಇಂಡಿಕಾದ ಮೈಯನ್ನು ತಿದ್ದಿದ್ದು ಇಟಲಿಯ ಟ್ಯುರಿನ್ ನಗರದಲ್ಲಿ. 2008ರಲ್ಲಿ ಟಾಟಾದವರ ಒಡೆತನಕ್ಕೆ ಬಂದ ಜಾಗ್ವಾರನ್ನು ಭಾರತದ ಕಾರೆಂದು ಯಾರೂ ಕರೆಯುವುದಿಲ್ಲ.

ಹೀಗೆ ಹೆಸರಾಗಲಿ, ಒಡೆತನವಾಗಲಿ, ಬಿಡಿಭಾಗಗಳ ಲೆಕ್ಕವಾಗಲಿ ಪೂರ್ತಿ ಉತ್ತರ ಕೊಡವು. ಕಾರಿನ ಊರನ್ನು ತಿಳಿಯಬೇಕಾದರೆ ಅದರ ಮುಂದಿನ ಮಾದರಿಯನ್ನು ಯಾರು, ಎಲ್ಲಿ ಕುಳಿತು ರೂಪಿಸಬಲ್ಲರು ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಇದು ಬರಿಯ ತರ್ಕವಲ್ಲ. 2021ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಕೆಯನ್ನು ಕೈಬಿಡುವುದಾಗಿ ಸಾರಿತು. ಮರುವರ್ಷ ಚೆನ್ನೈ ಬಳಿಯ ಮರೈಮಲೈನಗರದಲ್ಲಿ ಕಾರು ತಯಾರಿಕೆ ನಿಂತಿತು. ಸಾವಿರಾರು ಸಂಸಾರಗಳ ಅನ್ನದ ಮಾತು ಸಮುದ್ರದಾಚೆ ತೀರ್ಮಾನವಾಗಿತ್ತು.

ಹೊಸೂರಿನ ನಮ್ಮವರು ಇದಕ್ಕೆ ವಿರುದ್ಧವಾದುದನ್ನು ಕಣ್ಣಾರೆ ಕಂಡಿದ್ದಾರೆ. ಅದು ಕಾರಲ್ಲ, ಮೋಟಾರ್ ಸೈಕಲ್ಲು, ಆದರೂ ಹೇಳತಕ್ಕದ್ದೇ. 1980ರಲ್ಲಿ ಅಲ್ಲಿಂದ ಟಿವಿಎಸ್ 50 ಮೊಪೆಡ್ ಹೊರಬಂದಿತು. ಅದೇ ದಶಕದಲ್ಲಿ ಕಂಪನಿ ಸುಜುಕಿಯೊಡನೆ ಕೂಡಿ ಮೋಟಾರ್ ಸೈಕಲ್ ತಯಾರಿಸಿತು. 2001ರಲ್ಲಿ ಇಬ್ಬರೂ ಬೇರೆಯಾದರು. ಮುಗಿಯಿತು ಎಂದುಕೊಂಡವರಿದ್ದರು, ಆದರೆ ಅದೇ ವರ್ಷ ತನ್ನ ಎಂಜಿನಿಯರುಗಳೇ ರೂಪಿಸಿದ ವಿಕ್ಟರ್ ಎಂಬ ಬೈಕನ್ನು ಟಿವಿಎಸ್ ಮಾರುಕಟ್ಟೆಗೆ ತಂದಿತು. 2020ರಲ್ಲಿ ಇಂಗ್ಲೆಂಡಿನ ಹಳೆಯ ಹೆಸರಾದ ನಾರ್ಟನ್ನನ್ನೂ ಕೊಂಡಿತು. ಈ ನಡುವೆ ಹೊಸೂರಿನ ಸುತ್ತ ಲೇತು ಹಾಕಿಕೊಂಡು ಕುಳಿತ ಸಣ್ಣ ಶೆಡ್ಡುಗಳಿಗೆ ಲೆಕ್ಕವಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಕಲಿತ ಕೈಗಳು ಅಲ್ಲಿ ಸ್ವಂತಕ್ಕೆ ದುಡಿಯುತ್ತಿವೆ.

ಪೆನುಕೊಂಡೆಗೆ ಕಿಯಾದೊಡನೆ ಕೊರಿಯಾದ ಬಿಡಿಭಾಗ ತಯಾರಕರೂ ಬಂದರು, ಆ ದೇಶದ ಊಟ ಬಡಿಸುವ ಹೋಟೆಲುಗಳೂ ಬಂದವು. ಕಾರಿನ ಮುಖ್ಯ ನಕಾಶೆ ಇನ್ನೂ ಕೊರಿಯಾದಿಂದಲೇ ಬರುತ್ತದೆ. ಅಲ್ಲಿಗೆ ಕೆಲಸಕ್ಕೆ ಹೋಗುವ ಮಗ ಸಂಜೆ ಮನೆಗೆ ಬಂದಾಗ, ಸಂಬಳವೆಷ್ಟೆಂದು ಕೇಳುವ ತಂದೆ ಇವತ್ತೇನು ಹೊಸದಾಗಿ ಕಲಿತೆ ಎಂದೂ ಕೇಳಲಿ.