ಬಳ್ಳಿಯಿಂದ ಬಟ್ಟಲಿಗೆ: ನಂದಿ ತಪ್ಪಲಿನ ವೈನ್ ತೋಟ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯ ಹಾದಿ ಹಿಡಿದರೆ ಎಡಗಡೆಗೆ ನಂದಿ ಬೆಟ್ಟ ಕಾಣಿಸಿಕೊಳ್ಳುತ್ತದೆ. ರಸ್ತೆಯ ಇಕ್ಕೆಲಗಳಲ್ಲಿ ರಾಗಿ ಹೊಲ, ನೀಲಗಿರಿ ತೋಪು, ಹೂ ಬೆಳೆಯುವ ಪಾಲಿಹೌಸ್‌ಗಳು, ಅಲ್ಲಲ್ಲಿ ಕಲ್ಲುಕಂಬದ ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿ. ಈ ಸೀಮೆಗೆ ದ್ರಾಕ್ಷಿ ಹೊಸ ಬೆಳೆಯಲ್ಲ. ಕಪ್ಪುನೀಲಿ ಬಣ್ಣದ, ಬೀಜವಿರುವ, ಹುಳಿಸಿಹಿಯ ‘ಬೆಂಗಳೂರು ಬ್ಲೂ’ ತಳಿಯನ್ನು ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ರೈತರು ಸುಮಾರು ಒಂದೂವರೆ ಶತಮಾನದಿಂದ ಬೆಳೆಯುತ್ತಿದ್ದಾರೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ದೊರೆಯಿತು.

ಆದರೆ ರಘುನಾಥಪುರದ ಬಳಿ ಸಿಗುವ ಗ್ರೋವರ್ ಜಂಪಾ ತೋಟದ ಚಹರೆಯೇ ಬೇರೆ. ಇಲ್ಲಿ ತಲೆಯ ಮೇಲೆ ಚಪ್ಪರವಿಲ್ಲ. ಕೆಮ್ಮಣ್ಣಿನ ನೆಲದಲ್ಲಿ ಸಾಲು ಸಾಲಾಗಿ ಕಂಬ ನೆಟ್ಟು, ತಂತಿ ಎಳೆದು, ಬಳ್ಳಿಗಳನ್ನು ನೆಟ್ಟಗೆ ಮೇಲಕ್ಕೆ ಹಬ್ಬಿಸಿದ್ದಾರೆ. ಸಾಲುಗಳ ತುದಿಗೆ ನೋಟ ಹಾಯಿಸಿದರೆ ಎದುರಿಗೆ ಬೆಟ್ಟದ ಬಂಡೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರದಲ್ಲಿ, ವೈನ್ ಎಂಬುದು ಮೊದಲು ಒಂದು ಬೇಸಾಯ, ಆಮೇಲೆ ಒಂದು ಪಾನೀಯ ಎಂಬುದನ್ನು ಕಣ್ಣಾರೆ ಕಂಡು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಷಾಂಪೇನ್ ನಾಡಿನಿಂದ ಬಂದ ತಜ್ಞ

ಈ ತೋಟದ ಹಿಂದೆ ಕನ್ವಲ್ ಗ್ರೋವರ್ ಎಂಬ ಉದ್ಯಮಿಯ ಹಟವಿದೆ. ಯಂತ್ರೋಪಕರಣಗಳ ವ್ಯವಹಾರಕ್ಕಾಗಿ ಫ್ರಾನ್ಸ್‌ಗೆ ಹೋಗಿಬರುತ್ತಿದ್ದ ಅವರಿಗೆ ಅಲ್ಲಿನ ವೈನ್ ಹಿಡಿಸಿತು. ಅಂಥದ್ದನ್ನು ಭಾರತದ ಮಣ್ಣಿನಲ್ಲೇ ಬೆಳೆಯಬೇಕೆಂದು ಹೊರಟಾಗ ಜೊತೆಯಾದವರು ಷಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್. 1980ರ ದಶಕದಲ್ಲಿ ಹಲವು ಫ್ರೆಂಚ್ ತಳಿಗಳನ್ನು ತರಿಸಿ, ನೆಟ್ಟು ನೋಡಿ, ಕೊನೆಗೆ ನಂದಿ ತಪ್ಪಲನ್ನು ಆರಿಸಿಕೊಂಡರು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ನೆಲ, ನೀರು ನಿಲ್ಲದ ಮಣ್ಣು, ಹಗಲು ಬಿಸಿಲು, ರಾತ್ರಿ ತಂಪು: ಹಣ್ಣಿನಲ್ಲಿ ಸಕ್ಕರೆ ಕೂಡಿಕೊಳ್ಳಲು ಬಿಸಿಲು ಬೇಕು, ಹುಳಿ ಕರಗಿಹೋಗದಿರಲು ರಾತ್ರಿಯ ತಂಪು ಬೇಕು. ಎರಡೂ ಇಲ್ಲಿದ್ದವು. 1988ರಲ್ಲಿ ಕಂಪನಿ ಶುರುವಾಯಿತು, 1992ರಲ್ಲಿ ಮೊದಲ ವೈನ್ ಹೊರಬಂತು. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಷೆಲ್ ರೋಲಾಂ 1990ರ ದಶಕದ ಮಧ್ಯದಿಂದ ಸಲಹೆಗಾರರಾದರು. 2012ರಲ್ಲಿ ನಾಸಿಕ್ ಸೀಮೆಯ ವೈನರಿಯೊಂದು ಸೇರಿಕೊಂಡ ಮೇಲೆ ‘ಗ್ರೋವರ್ ಜಂಪಾ’ ಎಂಬ ಜೋಡಿ ಹೆಸರು ಬಂತು.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು, ವೈನ್‌ಗೆಂದೇ ಒಂದು ಮಂಡಳಿಯನ್ನೂ ಕಟ್ಟಿತು. ಈಗ ಚನ್ನಪಟ್ಟಣದ ಹತ್ತಿರ ಮೈಸೂರು ರಸ್ತೆಯಲ್ಲಿ ವೈನರಿಯಿದೆ, ಹಂಪಿಯ ಆಚೆಗಿನ ಕಲ್ಲುಗುಡ್ಡಗಳ ನಡುವೆ ಕೃಷ್ಮಾ ತೋಟವಿದೆ. ಆದರೂ ರಾಜ್ಯದಲ್ಲಿ ವೈನ್ ದ್ರಾಕ್ಷಿಗೆ ಹಾದಿ ಮಾಡಿಕೊಟ್ಟದ್ದು ಈ ನಂದಿ ತಪ್ಪಲೇ.

ನಿದ್ದೆಯಿಲ್ಲದ ಬಳ್ಳಿ

ಫ್ರಾನ್ಸಿನಲ್ಲಿ ಚಳಿಗಾಲ ಬಂತೆಂದರೆ ದ್ರಾಕ್ಷಿಬಳ್ಳಿ ಎಲೆಯುದುರಿಸಿ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ. ನಮ್ಮಲ್ಲಿ ಅದಕ್ಕೆ ಆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿಯ ಬೆಳೆಗಾರರು ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ. ಬೇಸಿಗೆಯಲ್ಲಿ, ಕೊಯ್ಲು ಮುಗಿದ ಮೇಲೆ, ಮೊದಲ ಸವರಿಕೆ. ಆಗ ಬರುವ ಹೊಸ ಕಡ್ಡಿಗಳಲ್ಲಿ ಮುಂದಿನ ಫಸಲಿನ ಮೊಗ್ಗು ಒಳಗೊಳಗೇ ರೂಪುಗೊಳ್ಳುತ್ತದೆ. ಮಳೆಗಾಲ ಇಳಿಯುವ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಎರಡನೆಯ ಸವರಿಕೆ. ಅದಾದ ಮೇಲೆ ಹೂ, ಕಾಯಿ, ಫೆಬ್ರವರಿ-ಮಾರ್ಚ್‌ಗೆ ಕೊಯ್ಲು. ಯುರೋಪಿನಲ್ಲಿ ಸೆಪ್ಟೆಂಬರ್‌ನಲ್ಲಿ ಕಳೆಕಟ್ಟುವ ಕೊಯ್ಲು ನಮ್ಮಲ್ಲಿ ಶಿವರಾತ್ರಿಯ ಆಸುಪಾಸಿಗೆ ಬರುತ್ತದೆ. ಹಣ್ಣು ಮಾಗುವ ಹೊತ್ತಿಗೆ ಮಳೆಯನ್ನು ತಪ್ಪಿಸಿಕೊಳ್ಳುವ ಲೆಕ್ಕಾಚಾರವಿದು.

ತಿನ್ನುವ ದ್ರಾಕ್ಷಿ ಬೆಳೆಯುವವರಿಗೆ ದಪ್ಪ ಹಣ್ಣು, ತುಂಬು ಗೊಂಚಲು ಬೇಕು. ವೈನ್ ದ್ರಾಕ್ಷಿಯದು ತದ್ವಿರುದ್ಧ ಲೆಕ್ಕ. ಹಣ್ಣು ಸಣ್ಣದಿರಬೇಕು, ಸಿಪ್ಪೆ ದಪ್ಪಗಿರಬೇಕು, ಏಕೆಂದರೆ ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಅದಕ್ಕಾಗಿ ಹನಿ ನೀರಾವರಿಯಲ್ಲಿ ಅಳೆದು ನೀರು ಕೊಡುತ್ತಾರೆ, ಹೆಚ್ಚಾದ ಗೊಂಚಲುಗಳನ್ನು ಎಳೆಯದರಲ್ಲೇ ಕತ್ತರಿಸಿ ಹಾಕುತ್ತಾರೆ. ನದಿಯ ಆಸರೆಯಿಲ್ಲದೆ ಕೊಳವೆಬಾವಿಗಳನ್ನೇ ನೆಚ್ಚಿರುವ ಈ ಬಯಲುಸೀಮೆಯಲ್ಲಿ ಕಡಿಮೆ ನೀರು ಕೇಳುವ ಬೆಳೆಯ ಬೆಲೆ ಏನೆಂದು ಇಲ್ಲಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಬಳ್ಳಿಯ ದೊಡ್ಡ ಶತ್ರು ಬೂಜುರೋಗ. ಅದರ ಮದ್ದಿಗೂ ನಮ್ಮ ಮಲೆನಾಡಿಗೂ ಹಳೆಯ ನಂಟಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರು ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ರೋಗ ತಗಲದ್ದನ್ನು ವಿಜ್ಞಾನಿ ಮಿಯಾರ್ದೆ ಗಮನಿಸಿ, 1885ರಲ್ಲಿ ಅದನ್ನು ಮದ್ದಾಗಿ ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ. ಮುಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಸುವ ಕ್ರಮವನ್ನು ರೂಪಿಸಿದರು. ಇಂದಿಗೂ ತೀರ್ಥಹಳ್ಳಿ, ಶಿರಸಿಯ ತೋಟಗಳಲ್ಲಿ ಮಳೆಗಾಲದಲ್ಲಿ ಹೊಡೆಯುವುದು ವೈನ್ ನಾಡು ಕೊಟ್ಟ ಆ ಮದ್ದನ್ನೇ.

ಪೀಪಾಯಿಗಳ ಕೋಣೆ

ಕೊಯ್ಲನ್ನು ಬಿಸಿಲೇರುವ ಮೊದಲೇ ಕೈಯಿಂದ ಮಾಡುತ್ತಾರೆ. ಕ್ರೇಟುಗಳಲ್ಲಿ ಬಂದ ಗೊಂಚಲುಗಳಿಂದ ಕಡ್ಡಿ ಬೇರ್ಪಡಿಸಿ ಹಣ್ಣನ್ನು ಒಡೆಯುತ್ತಾರೆ. ಬಿಳಿ ವೈನ್ ಆದರೆ ಮೊದಲೇ ಹಿಂಡಿ, ಸಿಪ್ಪೆ ತೆಗೆದು, ಬರಿಯ ರಸವನ್ನು ಹುದುಗಿಸುತ್ತಾರೆ. ಕೆಂಪು ವೈನ್ ಆದರೆ ಸಿಪ್ಪೆ, ಬೀಜಗಳ ಸಮೇತ ಹುದುಗಿಸುತ್ತಾರೆ. ಬಣ್ಣವೂ ಒಗರೂ ಇಳಿಯುವುದು ಹಾಗೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಬಿಸಿಯನ್ನೂ ಹುಟ್ಟಿಸುತ್ತದೆ. ಆ ಬಿಸಿ ಏರಿದರೆ ಪರಿಮಳ ಹಾರಿಹೋಗುತ್ತದೆ. ಆದ್ದರಿಂದ ಸ್ಟೀಲ್ ಟ್ಯಾಂಕುಗಳ ಸುತ್ತ ತಣ್ಣೀರು ಹರಿಸಿ ಹದ ಕಾಯುತ್ತಾರೆ.

ಒಳ್ಳೆಯ ಕೆಂಪು ವೈನ್ ಅಲ್ಲಿಂದ ಓಕ್ ಮರದ ಪೀಪಾಯಿಗೆ ಹೋಗುತ್ತದೆ. ಬೋರ್ಡೋ ಮಾದರಿಯ ಪೀಪಾಯಿ 225 ಲೀಟರಿನದು. ಅಂದರೆ 750 ಮಿಲಿಲೀಟರಿನ 300 ಬಾಟಲಿ. ಮರದ ಸೂಕ್ಷ್ಮ ರಂಧ್ರಗಳಿಂದ ಒಳನುಸುಳುವ ಅಷ್ಟಿಷ್ಟು ಗಾಳಿ ತಿಂಗಳುಗಟ್ಟಲೆ ಕೆಲಸ ಮಾಡಿ ಒಗರನ್ನು ಮೆತ್ತಗಾಗಿಸುತ್ತದೆ. ಹೊರಗಿನ ಬಿಸಿಲಿನಿಂದ ಪೀಪಾಯಿಗಳ ಕೋಣೆಗೆ ಕಾಲಿಟ್ಟೊಡನೆ ತಂಪೂ, ಮರ ಮತ್ತು ಹಣ್ಣು ಬೆರೆತ ವಾಸನೆಯೂ ಒಟ್ಟಿಗೆ ಎದುರಾಗುತ್ತವೆ. ಇಡೀ ಭೇಟಿಯಲ್ಲಿ ಮನಸ್ಸಿಗೆ ತಾಗುವ ಜಾಗ ಇದೇ.

ಮೂಗಿಗೆ ಮೊದಲ ಮರ್ಯಾದೆ

ಆಮೇಲೆ ರುಚಿ ನೋಡುವ ಸರದಿ. ಪ್ರತಿ ಲೋಟಕ್ಕೆ ಸುರಿಯುವುದು ಒಂದೆರಡು ಗುಟುಕು ಮಾತ್ರ. ಮೊದಲು ಬಿಳಿ, ನಂತರ ಕೆಂಪು; ಮೊದಲು ಹಗುರ, ನಂತರ ಗಾಢ. ಲೋಟವನ್ನು ಅದರ ಕಾಲಿನಲ್ಲಿ ಹಿಡಿಯಬೇಕು, ಬೋಗುಣಿಯ ಭಾಗ ಹಿಡಿದರೆ ಕೈಯ ಬಿಸಿ ತಾಗುತ್ತದೆ. ಬಣ್ಣ ನೋಡಿ, ಮೆಲ್ಲಗೆ ತಿರುಗಿಸಿ, ಮೂಸಿ, ಆಮೇಲೆ ಒಂದು ಗುಟುಕನ್ನು ಬಾಯಿಯೆಲ್ಲ ಆಡಿಸಬೇಕು. ನುಂಗಲೇಬೇಕೆಂದಿಲ್ಲ. ಉಗಿಯಲು ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸುವುದು ಅಸಭ್ಯವಲ್ಲ. ವೃತ್ತಿಯವರು ಮಾಡುವುದೇ ಹಾಗೆ.

ವೈನಿನಲ್ಲಿ ಮೆಣಸು, ದೊಣ್ಣೆಮೆಣಸಿನಕಾಯಿ ಎಂದೆಲ್ಲ ವಾಸನೆ ಹೇಳುವುದು ಬರಿಯ ಬೆಡಗಿನ ಮಾತೆಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಶಿರಾಜ್ ಎಂಬ ಕೆಂಪು ವೈನಿನಲ್ಲಿ ಬರುವ ಕಾಳುಮೆಣಸಿನ ಘಾಟಿಗೆ ರೊಟಂಡೋನ್ ಎಂಬ ಸಂಯುಕ್ತ ಕಾರಣವೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ನಮ್ಮ ಮಲೆನಾಡಿನ ಕರಿಮೆಣಸಿನಲ್ಲಿರುವುದೂ ಅದೇ ವಸ್ತು. ಸೋವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ಮತ್ತು ಕೆಬರ್ನೆ ಎಂಬ ಕೆಂಪು ವೈನಿನ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆಯ ಹಿಂದೆ ಪಿರಾಜೀನ್ ಎಂಬ ಸಂಯುಕ್ತಗಳಿವೆ. ಆ ತರಕಾರಿಯಲ್ಲಿರುವುದೂ ಅವೇ. ಕೆಂಪು ವೈನ್ ಕುಡಿದಾಗ ನಾಲಿಗೆ ಒಣಗಿದಂತಾಗುವುದು ಟ್ಯಾನಿನ್‌ನಿಂದ. ಅಡಿಕೆ ಜಗಿದವರಿಗೆ ಆ ಒಗರು ಗೊತ್ತಿರುವುದೇ. ಸಾಂಬಾರ ಪದಾರ್ಥಗಳ ನಡುವೆ ಬೆಳೆದ ನಮ್ಮ ಮೂಗಿಗೆ ಇದೆಲ್ಲ ಕಷ್ಟದ ಪಾಠವಲ್ಲ. ಯಾರೋ ಹೇಳಿದ ಪರಿಮಳವನ್ನು ಹುಡುಕುತ್ತ ಕೂರುವ ಬದಲು ನಿಮಗೆ ಏನು ಹೊಳೆಯಿತೋ ಅದನ್ನು ಹೇಳಿ.

ಬುತ್ತಿಯ ಮಾತು

ಪಿಕ್‌ನಿಕ್ ಎಂದ ಮೇಲೆ ಊಟ ಮುಖ್ಯ. ಖಾಲಿ ಹೊಟ್ಟೆಯಲ್ಲಿ ವೈನ್ ಬೇಡ. ಮನೆಯ ಬುತ್ತಿಯನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಭೇಟಿ ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ. ಚೀಸ್ ಮತ್ತು ಬ್ರೆಡ್ಡೇ ಆಗಬೇಕೆಂಬ ನಿಯಮವೇನಿಲ್ಲ. ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿಯ ಹುಳಿ ಮತ್ತು ಹಸಿರು ಪರಿಮಳ ತಣ್ಣಗಿನ ಸೋವಿನ್ಯೋ ಬ್ಲಾಂಕ್‌ಗೆ ಚೆನ್ನಾಗಿ ಹೊಂದುತ್ತವೆ. ನಿಪ್ಪಟ್ಟು, ಕೋಡುಬಳೆಯ ಎಣ್ಣೆ-ಉಪ್ಪಿಗೂ ಅದೇ ಸರಿ. ಕರಿಮೆಣಸು ಹಾಕಿ ಹುರಿದ ಮಾಂಸಕ್ಕೆ, ಕಾಚಂಪುಳಿಯ ಪಂದಿ ಕರಿಗೆ ಶಿರಾಜ್ ಜೊತೆಗಾರ. ಒಂದು ಎಚ್ಚರಿಕೆ: ಹಸಿಮೆಣಸಿನಕಾಯಿಯ ಖಾರ ಹೆಚ್ಚಿದ್ದರೆ ಕೆಂಪು ವೈನಿನ ಒಗರೂ ಆಲ್ಕೋಹಾಲಿನ ಉರಿಯೂ ಇಮ್ಮಡಿಯಾಗುತ್ತವೆ. ಖಾರದ ಊಟಕ್ಕೆ ತುಸು ಸಿಹಿಯಿರುವ ಬಿಳಿ ವೈನ್ ವಾಸಿ.

ಹೊರಡುವ ಮುನ್ನ

ಫೆಬ್ರವರಿ-ಮಾರ್ಚ್‌ನಲ್ಲಿ ಹೋದರೆ ಬಳ್ಳಿಯಲ್ಲಿ ಹಣ್ಣನ್ನೂ ವೈನರಿಯಲ್ಲಿ ಕೆಲಸವನ್ನೂ ನೋಡಬಹುದು. ಮಳೆಗಾಲದಲ್ಲಿ ಹಣ್ಣಿರುವುದಿಲ್ಲ, ಆದರೆ ತೋಟ ಹಸಿರಾಗಿರುತ್ತದೆ, ಬೆಟ್ಟಕ್ಕೆ ಮೋಡ ಇಳಿದಿರುತ್ತದೆ. ವಾರಾಂತ್ಯದಲ್ಲಿ ನಂದಿ ಬೆಟ್ಟದ ದಾರಿ ದಟ್ಟಣೆಯದು. ಮುಂಗಡ ಕಾಯ್ದಿರಿಸಿ, ಬೇಗ ಹೊರಡಿ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯವನ್ನು ಮೊದಲೇ ನೋಡಿಬಿಡಿ. ಅದರ ಕಲ್ಯಾಣಿಯ ಮುಂದೆ ಬೆಳಗಿನ ಅರ್ಧ ಗಂಟೆ ಕಳೆದರೆ ಸಾರ್ಥಕ.

ವೈನೂ ಮದ್ಯವೇ. ಹಣ್ಣಿನಿಂದ ಬಂದದ್ದೆಂದು ಆ ಸತ್ಯ ಬದಲಾಗುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯಡಿ ಅಪರಾಧ. ಗುಂಪಿನಲ್ಲಿ ಒಬ್ಬರು ಮುಟ್ಟದೇ ಇರಲಿ, ಇಲ್ಲವೇ ಬಾಡಿಗೆ ಕಾರಿನಲ್ಲಿ ಹೋಗಿ. ಕುಡಿಯದವರೂ ಧಾರಾಳವಾಗಿ ಹೋಗಬಹುದು. ಬಳ್ಳಿ, ಪೀಪಾಯಿ, ಬೆಟ್ಟ ಎಲ್ಲವೂ ಅವರಿಗೂ ಸೇರಿದ್ದು.

ಒಂದು ವಿನಂತಿ. ಲೋಟ ಎತ್ತುವ ಮೊದಲು ತೋಟದೊಳಗೆ ನಡೆಯಿರಿ, ಬಳ್ಳಿ ಸವರುವವರನ್ನು, ಗೊಂಚಲು ಕೊಯ್ಯುವವರನ್ನು ಮಾತನಾಡಿಸಿ, ಈ ವರ್ಷ ಮಳೆ ಹೇಗಾಯಿತೆಂದು ಕೇಳಿ. ಹಿಂತಿರುಗುವಾಗ ರಸ್ತೆಬದಿಯಲ್ಲಿ ಬೆಂಗಳೂರು ಬ್ಲೂ ಮಾರುತ್ತಿದ್ದರೆ ಒಂದೆರಡು ಕೆಜಿ ಕೊಳ್ಳಿ. ಈ ಸೀಮೆಯ ದ್ರಾಕ್ಷಿ ಉಳಿಯುವುದು ಅದನ್ನು ಬೆಳೆಯುವವರ ಕೈಗೆ ನಾಲ್ಕು ಕಾಸು ಸೇರಿದಾಗ ಮಾತ್ರ.