ಹೂತಿಟ್ಟ ಹೊನ್ನಿಗೆ ನೆಲವೇ ಸಾಕ್ಷಿ

2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಬುನಾದಿ ತೋಡುವಾಗ ತಾಮ್ರದ ಪಾತ್ರೆಯೊಂದರಲ್ಲಿ ಅರ್ಧ ಕಿಲೊ ಸಮೀಪದ ಚಿನ್ನದ ಒಡವೆ ಸಿಕ್ಕಿತು. ಮನೆಯವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಅವರ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಬಂಗಾರದ ಜೊತೆಗೆ ಅವರು ಇನ್ನೊಂದನ್ನೂ ಉಳಿಸಿಕೊಟ್ಟರು: ಅದು ಎಲ್ಲಿ, ಯಾತರಲ್ಲಿ, ಏನೇನರ ಜೊತೆಗೆ ಇತ್ತೆಂಬ ತಿಳಿವಳಿಕೆ. ನಿಧಿಯ ನಿಜವಾದ ಬೆಲೆ ಇರುವುದು ಇದರಲ್ಲೇ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರು ಈ ಮಾತನ್ನು ಮುಖ್ಯವಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಈ ಸೀಮೆ ರಟ್ಟರು ಆಳಿದ ನೆಲ. ಮೂಡಲಗಿ ತಾಲ್ಲೂಕಿನ ಕಲ್ಲೋಳಿಯ 1204ರ ಶಾಸನ ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬಸದಿಗೆ ಸಂದ ದತ್ತಿಯನ್ನು ಹೇಳುತ್ತದೆ. 1238ರ ಹರಳಹಳ್ಳಿ ಶಾಸನ ಸೇವುಣರ ದಂಡನಾಯಕ ಬೀಚಣ ರಟ್ಟರನ್ನು ಗೆದ್ದನೆಂದು ಕೊಂಡಾಡುತ್ತದೆ. ಹುಕ್ಕೇರಿಯ ಗುಮ್ಮಟಗಳು ಎದ್ದ ಆದಿಲಶಾಹಿ ಆಳ್ವಿಕೆಯಲ್ಲಿ ಹೊನ್ನಿನೊಂದಿಗೆ ಬೆಳ್ಳಿಯ ತಂತಿ ಬಾಗಿಸಿ ಮಾಡಿದ ಲಾರಿನ್ ನಾಣ್ಯವೂ ಚಲಾವಣೆಯಲ್ಲಿತ್ತು. ಶಾಸನಗಳಿರುವಾಗ ನಿಧಿಯಿಂದ ಹೊಸದೇನು ತಿಳಿದೀತು ಎಂದು ಕೇಳಬಹುದು. ಶಾಸನ ಹೇಳುವುದು ಕೊಟ್ಟವರ, ಗೆದ್ದವರ ಮಾತನ್ನು. ಹೆದರಿ ಮಡಕೆಯಲ್ಲಿ ಹೊನ್ನು ಹೂತವನ ಸುದ್ದಿ ಅದರಲ್ಲಿಲ್ಲ. ಗಂಟಿನಲ್ಲಿರುವ ಅತ್ಯಂತ ಈಚಿನ ನಾಣ್ಯ ಯಾವ ಕಾಲದ್ದೋ, ಗಂಟು ಹೂತದ್ದು ಅದಕ್ಕಿಂತ ಮುಂಚೆ ಅಲ್ಲ. ನಾಣ್ಯಗಳ ಸವೆತ ಅವು ಎಷ್ಟು ಕೈ ದಾಟಿದವೆಂದು ಹೇಳಿದರೆ, ಬೇರೆ ಅರಸರ ನಾಣ್ಯಗಳ ಬೆರಕೆ ವ್ಯಾಪಾರದ ದಾರಿ ತೋರಿಸುತ್ತದೆ. ಒಂದೊಂದೇ ನಾಣ್ಯ ಅಕ್ಕಸಾಲಿಗನ ಕುಲುಮೆ ಸೇರಿದರೆ ಈ ಲೆಕ್ಕವೆಲ್ಲ ಕರಗಿಹೋಗುತ್ತದೆ.

ಬಡ ರೈತ ಸಿಕ್ಕ ಬಂಗಾರವನ್ನು ಯಾಕೆ ಒಪ್ಪಿಸಬೇಕು ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. 1878ರ ನಿಧಿ ಕಾಯ್ದೆ ಸಿಕ್ಕ ಸಂಗತಿಯನ್ನು ಲಿಖಿತವಾಗಿ ತಿಳಿಸಲು ಹೇಳುತ್ತದೆ, ಮುಚ್ಚಿಟ್ಟರೆ ಶಿಕ್ಷೆಯನ್ನೂ ವಿಧಿಸುತ್ತದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ. ಆದರೆ ಬರೀ ಶಿಕ್ಷೆಯ ಭಯದಿಂದ ನಂಬಿಕೆ ಹುಟ್ಟುವುದಿಲ್ಲ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ 2009ರಲ್ಲಿ ಸಿಕ್ಕ ಚಿನ್ನ-ಬೆಳ್ಳಿಯ ನಿಧಿಗೆ 32.85 ಲಕ್ಷ ಪೌಂಡ್ ಬೆಲೆ ಕಟ್ಟಿ, ಕಂಡವನಿಗೂ ಹೊಲದೊಡೆಯನಿಗೂ ಸಮಪಾಲು ಕೊಟ್ಟರು. ನಮ್ಮಲ್ಲೂ ಒಪ್ಪಿಸಿದವರಿಗೆ ನ್ಯಾಯವಾದ ಮೊತ್ತ ತಡವಿಲ್ಲದೆ ಸಿಗಬೇಕು. ಹಾಗೆಂದು, ನಿಧಿಯಾಸೆಗೆ ಗುಡಿಯ ಗರ್ಭಗುಡಿ ಅಗೆಯುವವರಿಗೆ ಇದು ನೆಪವಾಗಕೂಡದು.

ನೇಗಿಲಿಗೋ ಜೆಸಿಬಿಗೋ ಮಡಕೆ ತಾಕಿದರೆ ಕೆಲಸ ನಿಲ್ಲಿಸಿ, ಏನನ್ನೂ ತೊಳೆಯಬೇಡಿ, ಹಂಚಿಕೊಳ್ಳಬೇಡಿ, ತಹಶೀಲ್ದಾರರಿಗೆ ತಿಳಿಸಿ. ಅದು ನಿಮ್ಮ ಊರಿನ ಚರಿತ್ರೆ.