ಉಕ್ಕಿಗೂ ಬೇಕು ಸಿಹಿನೀರು

ಉಪ್ಪಿನಕಾಯಿಯನ್ನು ಸ್ಟೀಲಿನ ಡಬ್ಬಿಯಲ್ಲಿಡಬಾರದು, ಭರಣಿಯಲ್ಲೇ ಇಡಬೇಕು ಎಂಬ ಮಾತನ್ನು ನೀವು ಹಿರಿಯರಿಂದ ಕೇಳಿರಬೇಕು. ತುಕ್ಕು ಹಿಡಿಯದ ಉಕ್ಕಿಗೆ ಉಪ್ಪಿನ ಭಯವೇಕೆ? ಈ ಪ್ರಶ್ನೆ ಅಡುಗೆಮನೆಯದು ಮಾತ್ರವಲ್ಲ, ಕಾರ್ಖಾನೆಯದೂ ಹೌದು.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತವೆ. ಕ್ರೋಮಿಯಂನಿಂದಾಗಿ ಅದರ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಕಟ್ಟುತ್ತದೆ. ಗೀರು ಬಿದ್ದರೂ ಗಾಳಿ ತಾಗಿ ಅದು ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಈ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಂಥ ಗುಳಿಗಳನ್ನು ಕೊರೆಯುತ್ತದೆ. ಬಿಸಿ ಹೆಚ್ಚಾದರೆ ಬಿರುಕನ್ನೂ ಎಬ್ಬಿಸಬಲ್ಲದು.

ಒತ್ತಡ ತಾಳಬೇಕಾದ ಹೊಸ ಪಾತ್ರೆಗೆ ನೀರು ತುಂಬಿ, ವಿನ್ಯಾಸದ ಒತ್ತಡದ ಸುಮಾರು 1.3 ಪಟ್ಟು ಒತ್ತಡ ಕೊಟ್ಟು ಪರೀಕ್ಷಿಸುವ ರೂಢಿಯಿದೆ. ಗಾಳಿ ತುಂಬಬಾರದೆ ಎಂದು ಕೇಳುವಿರಿ. ಪಾತ್ರೆ ಒಡೆದರೆ ಅದುಮಿದ ಗಾಳಿ ಸಿಡಿಯುತ್ತದೆ. ನೀರು ಹಾಗೆ ಸಿಡಿಯದು. ಸರಿ, ಆದರೆ ಯಾವ ನೀರು?

ಕೊಕ್ಕಡದ ತೋಡುಗಳ ನೀರು ಕೊನೆಗೆ ಸೇರುವುದು ನೇತ್ರಾವತಿಯನ್ನು. ಘಟ್ಟದ ತಪ್ಪಲಿನ ಆ ಮಳೆನೀರಿನಲ್ಲಿ ಉಪ್ಪಿನಂಶ ಬಹಳ ಕಡಿಮೆ. ಅದೇ ಹೊಳೆ ಬಂಟ್ವಾಳ ದಾಟಿ ಮಂಗಳೂರಿನ ಅಳಿವೆ ಸೇರುವಲ್ಲಿ, ಬೇಸಗೆಯ ಭರತದೊಡನೆ ಕಡಲು ಒಳನುಗ್ಗುತ್ತದೆ. ಕಡಲನೀರಿನ ಒಂದು ಲೀಟರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಉಂಟು. ಭಾರತದ ಮಾನಕದಂತೆ ಕುಡಿಯುವ ನೀರಿನಲ್ಲಿ 250 ಮಿಲಿಗ್ರಾಂ ಇದ್ದರೂ ಅಡ್ಡಿಯಿಲ್ಲ. ಈ ಉಕ್ಕಿನ ಪರೀಕ್ಷೆಗೆ ಅನೇಕ ಎಂಜಿನಿಯರರು 50ಕ್ಕಿಂತ ಹೆಚ್ಚನ್ನು ಒಪ್ಪುವುದಿಲ್ಲ. ನಾಲಿಗೆಗೆ ಸಿಹಿಯಾದದ್ದೆಲ್ಲ ಉಕ್ಕಿಗೆ ಸಿಹಿಯಲ್ಲ!

ಒಳ್ಳೆಯ ನೀರೂ ಒಳಗೇ ನಿಂತರೆ ಕೆಡುಕೇ. ಅದು ಆರುತ್ತ ಹೋದಂತೆ ಉಳಿದ ಹನಿಯಲ್ಲಿ ಉಪ್ಪು ಗಟ್ಟಿಯಾಗುತ್ತದೆ. ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳೂ ಬೆಸುಗೆಯ ಬಳಿ ನೆಲೆಯೂರುತ್ತವೆ. ಬಾವಿನೀರಿನಿಂದ ಪರೀಕ್ಷಿಸಿ, ಪೂರ್ತಿ ಬಸಿಯದೆ ಬಿಟ್ಟ ಸ್ಟೀಲ್ ಟ್ಯಾಂಕುಗಳು ಬೆಸುಗೆಯಲ್ಲೇ ಸೋರಿದ ಸಂಗತಿ 1976ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಪರೀಕ್ಷೆಯಲ್ಲಿ ಗೆದ್ದ ಪಾತ್ರೆಯನ್ನು ಪರೀಕ್ಷೆಯ ನೀರೇ ಕೆಡಿಸಿತ್ತು! ಆದ್ದರಿಂದ ನೀರನ್ನು ಮೊದಲೇ ಪರೀಕ್ಷಿಸಬೇಕು. ಕೆಲಸ ಮುಗಿದೊಡನೆ ಪೂರ್ತಿ ಬಸಿದು ಒಣಗಿಸಬೇಕು.

ಮನೆಯಲ್ಲೂ ಇದೇ ನಿಯಮ. ಸ್ಟೀಲ್ ಪಾತ್ರೆಯ ತಣ್ಣೀರಿಗೆ ಉಪ್ಪು ಸುರಿದರೆ ಹರಳು ತಳದಲ್ಲಿ ಕೂತು ಗುಳಿ ಮಾಡೀತು. ನೀರು ಕುದಿದ ಮೇಲೆ ಉಪ್ಪು ಹಾಕಿ ಕಲಕಿರಿ. ತೊಳೆದ ಪಾತ್ರೆಯನ್ನು ಒರಸಿಡಿರಿ.